ಕಿವಿ ಕಟ್ಟಿಕೊಂಡು ಐದು ವಾರವಾಯಿತು, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 39 ವರ್ಷ. ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ಐದು ವಾರದ ಹಿಂದೆ ಉಡುಪಿಗೆ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹೊರಡುವ ದಿನ ಜೋರು ನೆಗಡಿ. ಮಂಗಳೂರಿನಿಂದ ವಿಮಾನ ಹತ್ತಿದೆ. ಮುಂಬೈಯಲ್ಲಿ ಇಳಿಯುವಾಗ ಎಡಗಿವಿಯಲ್ಲಿ ಸೂಜಿ ಹೊಗಿಸಿದ ಹಾಗೆ ನೋವು. ನೋವು ಮರುದಿನ ಹೋಯಿತು, ಕಿವಿ ಮಾತ್ರ ಕಟ್ಟಿಕೊಂಡೇ ಇದೆ. ನನ್ನ ಸ್ವರ ನನಗೇ ಕೊಡದ ಒಳಗಿಂದ ಬಂದ ಹಾಗೆ ಕೇಳಿಸುತ್ತದೆ. ತಲೆ ಬಗ್ಗಿಸಿದರೆ ಒಳಗೆ ಏನೋ ಕುಲುಕುತ್ತದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಡ್ರಾಪ್ಸ್ ಹತ್ತು ದಿನ ಹಾಕಿದೆ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟರು. ಕೊನೆಗೆ ಸ್ಟೇಷನ್ ಹೊರಗೆ ಕಿವಿ ಕ್ಲೀನ್ ಮಾಡುವವನ ಹತ್ತಿರ ಹೋದೆವು. ‘ಸ್ನಾನದ ನೀರು ಒಳಗೆ ನಿಂತಿದೆ’ ಎಂದು ಏನೇನೋ ತೆಗೆದು ತೋರಿಸಿದ. ಇದರ ಮಧ್ಯೆ ಐದು ವರ್ಷದ ಮಗನ ಟೀಚರ್, ‘ಕರೆದರೆ ತಿರುಗುವುದೇ ಇಲ್ಲ’ ಎಂದರು. ಅವನನ್ನು ಪರೀಕ್ಷಿಸಿದ ಡಾಕ್ಟರು ಎರಡೂ ಕಿವಿಯಲ್ಲಿ ನೀರಿದೆ, ಗ್ರೊಮೆಟ್ ಎಂಬ ಪುಟ್ಟ ಕೊಳವೆಯನ್ನು ಕಿವಿಯ ತಮಟೆಗೆ ಹಾಕಬೇಕಾಗಬಹುದು ಎಂದಿದ್ದಾರೆ. ನನ್ನಿಂದ ಅವನಿಗೆ ಅಂಟಿತಾ? ನನ್ನ ಕಿವಿ ಪೂರ್ತಿ ಹೋಗುತ್ತಾ? ಡಿಸೆಂಬರ್‌ನಲ್ಲಿ ಮತ್ತೆ ಊರಿಗೆ ಹೋಗಬೇಕು, ವಿಮಾನ ಹತ್ತಬಹುದಾ?

ಉತ್ತರ: ಮೊದಲು ಭಯದ ಮಾತು. ನೀವು ಬರೆದದ್ದನ್ನು ನೋಡಿದರೆ, ನೆಗಡಿ ಇರುವಾಗ ವಿಮಾನದಲ್ಲಿ ಇಳಿದದ್ದರಿಂದ ಕಿವಿಯ ತಮಟೆಯ ಹಿಂದೆ ನೀರು ತುಂಬಿರುವ ಸಾಧ್ಯತೆಯೇ ಜಾಸ್ತಿ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೇಳುವುದೂ ಮೊದಲಿನಂತಾಗುತ್ತದೆ. ಆದರೆ ಐದು ವಾರದಲ್ಲಿ ಮೆಡಿಕಲ್ ಅಂಗಡಿಯವರು, ಅತ್ತೆ, ಸ್ಟೇಷನ್ ಹೊರಗಿನವನು ಎಲ್ಲರೂ ನಿಮ್ಮ ಕಿವಿಗೆ ಕೈಹಾಕಿದ್ದಾರೆ. ಒಬ್ಬ ಡಾಕ್ಟರು ಮಾತ್ರ ಲೈಟ್ ಹಾಕಿ ಒಳಗೆ ನೋಡಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಇದೊಂದೇ. ಈ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅವರು ಕಿವಿಯ ಜೊತೆ ಮೂಗಿನ ಹಿಂಭಾಗವನ್ನೂ ನೋಡಬೇಕು. ಯಾಕೆ ಮೂಗು ಎಂದು ಕೇಳುತ್ತೀರಿ. ಇಡೀ ಕಥೆ ಇರುವುದೇ ಅಲ್ಲಿ.

ಸ್ನಾನದ ನೀರಿನ ವಿಷಯ ಮುಗಿಸಿಬಿಡೋಣ. ಕಿವಿಯ ತೂತಿನಿಂದ ಸುಮಾರು 2.5 ಸೆಂಟಿಮೀಟರ್ ಒಳಗೆ ಹೋದರೆ ತಮಟೆ ಸಿಗುತ್ತದೆ. ಅಗಲ ಹೆಚ್ಚುಕಡಿಮೆ 1 ಸೆಂಟಿಮೀಟರ್, ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅಷ್ಟು ತೆಳು. ಆದರೂ ಅದರಲ್ಲಿ ತೂತಿಲ್ಲದಿದ್ದರೆ ಸ್ನಾನದ್ದಾಗಲಿ, ಮಳೆಯದ್ದಾಗಲಿ, ಜುಹು ಬೀಚಿನದ್ದಾಗಲಿ, ಒಂದು ಹನಿಯೂ ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ತಮಟೆಯ ಈಚೆಗೆ ನೀರು ನಿಂತರೆ ಅರ್ಧ ಗಂಟೆಯಲ್ಲೋ, ಅರ್ಧ ದಿನದಲ್ಲೋ ಹರಿದುಹೋಗುತ್ತದೆ. ಗುಗ್ಗೆ ಇದ್ದರೆ ಅದು ನೆನೆದು ಉಬ್ಬಿ ಕಿವಿ ಮುಚ್ಚಬಹುದು, ಅಷ್ಟೇ. ನಿಮ್ಮ ತಮಟೆಯ ಹಿಂದೆ ಇರಬಹುದಾದ ನೀರು ಹೊರಗಿನಿಂದ ಬಂದದ್ದಲ್ಲ. ಅದು ನಿಮ್ಮ ಮೈಯೇ ಸುರಿಸಿದ್ದು.

ಅದು ಯಾಕೆ ಸುರಿಯುತ್ತದೆ ಎಂದು ತಿಳಿಯಲು ನಿಮ್ಮ ಊಟದ ಡಬ್ಬಿ ಸಾಕು. ಬೆಳಿಗ್ಗೆ ಆರೂವರೆಗೆ ಕುದಿಯುವ ಸಾಂಬಾರ್ ಹಾಕಿ ಗಟ್ಟಿಯಾಗಿ ಮುಚ್ಚುತ್ತೀರಿ. ಮಧ್ಯಾಹ್ನ ಆಫೀಸಿನಲ್ಲಿ ಮುಚ್ಚಳ ಜಪ್ಪಯ್ಯ ಅಂದರೂ ಬರುವುದಿಲ್ಲ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿದೆ. ತಮಟೆಯ ಹಿಂದೆಯೂ ಇಂಥದ್ದೇ ಒಂದು ಪುಟ್ಟ ಡಬ್ಬಿ ಇದೆ. ನಡುಗಿವಿ ಎನ್ನುತ್ತೇವೆ. ಅದರೊಳಗೆ ಗಾಳಿ ಮತ್ತು ಮೂರು ಸಣ್ಣ ಮೂಳೆಗಳು. ಅಲ್ಲಿನ ಒಳಪೊರೆ ಆ ಗಾಳಿಯನ್ನು ಹಗಲು ರಾತ್ರಿ ಚೂರು ಚೂರೇ ಹೀರಿಕೊಳ್ಳುತ್ತಿರುತ್ತದೆ. ಹೀರಿದಷ್ಟು ಗಾಳಿಯನ್ನು ಮತ್ತೆ ತುಂಬಬೇಕಲ್ಲ? ಅದಕ್ಕೊಂದು ನಳಿಗೆ ಇದೆ. ನಡುಗಿವಿಯಿಂದ ಹೊರಟು ಮೂಗಿನ ಹಿಂದೆ, ಕಿರುನಾಲಿಗೆಗಿಂತ ಸ್ವಲ್ಪ ಮೇಲೆ ತೆರೆದುಕೊಳ್ಳುತ್ತದೆ. ದೊಡ್ಡವರಲ್ಲಿ ಸುಮಾರು 3.5 ಸೆಂಟಿಮೀಟರ್ ಉದ್ದ. ಯುಸ್ಟೇಷಿಯನ್ ನಳಿಗೆ ಎಂದು ಹೆಸರು, 16ನೇ ಶತಮಾನದ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯುಸ್ಟಾಕಿಯ ನೆನಪಿಗೆ.

ಈ ನಳಿಗೆ ಯಾವಾಗಲೂ ತೆರೆದಿರುವುದಿಲ್ಲ. ಉಗುಳು ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಅರೆಕ್ಷಣ ಬಾಯಿ ಬಿಡಿಸುತ್ತದೆ. ಟಕ್ ಎಂದು ಸಣ್ಣ ಸದ್ದು ಕೇಳಿಸುತ್ತದಲ್ಲ, ಅದೇ ಅದು. ನೆಗಡಿಯಾದಾಗ ಮೂಗಿನ ಹಾಗೆ ನಳಿಗೆಯ ಬಾಯಿಯೂ ಊದಿಕೊಳ್ಳುತ್ತದೆ. ಬಾಗಿಲು ತೆರೆಯುವುದಿಲ್ಲ. ಒಳಗಿನ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ, ಹೊರಗಿನ ಗಾಳಿ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಕಿವಿ ಕಟ್ಟುವುದು ಇಲ್ಲಿಂದ ಶುರು. ಅದು ಹಾಗೆಯೇ ಮುಂದುವರಿದರೆ ಒಳಪೊರೆಯ ರಕ್ತನಾಳಗಳಿಂದ ನೀರು ಜಿನುಗಿ ಖಾಲಿ ಜಾಗವನ್ನು ತುಂಬುತ್ತದೆ. ಮೊದಲಿಗೆ ತೆಳು ನೀರು. ವಾರಗಳು ಕಳೆದಂತೆ ಒಳಪೊರೆ ಲೋಳೆಯನ್ನೂ ಸುರಿಸತೊಡಗಿದರೆ ಅದು ಅಂಟಿನ ಹಾಗೆ ದಪ್ಪವಾಗುತ್ತದೆ. ನಿಮಗೆ ಕುಲುಕಿದಂತೆ ಅನಿಸುವುದು ಇನ್ನೂ ತೆಳು ನೀರು ಮತ್ತು ಒಂದಿಷ್ಟು ಗಾಳಿ ಎರಡೂ ಇರುವಾಗ. ಅದು ಒಂದು ರೀತಿ ಒಳ್ಳೆಯ ಸೂಚನೆ.

ಇನ್ನು ವಿಮಾನ. ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 6000ದಿಂದ 8000 ಅಡಿ ಎತ್ತರದ ಗುಡ್ಡದ ಮೇಲೆ ಇದ್ದಷ್ಟಿರುತ್ತದೆ. ಏರುವಾಗ ತೊಂದರೆ ಕಡಿಮೆ. ಕಿವಿಯೊಳಗಿನ ಗಾಳಿ ಹಿಗ್ಗಿ ನಳಿಗೆಯಿಂದ ತಾನೇ ಹೊರಗೆ ಜಾರುತ್ತದೆ. ಇಳಿಯುವಾಗ ಉಲ್ಟಾ. ಹೊರಗಿನ ಒತ್ತಡ ಸರಸರ ಏರುತ್ತದೆ, ಗಾಳಿ ಒಳಗೆ ಹೋಗಬೇಕು. ಈಗ ಎಳನೀರಿಗೆ ಪೇಪರ್ ಸ್ಟ್ರಾ ಕೊಡುತ್ತಾರಲ್ಲ, ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಏನಾಗುತ್ತದೆ? ಗೋಡೆ ಗೋಡೆಗೆ ಅಂಟಿಕೊಳ್ಳುತ್ತದೆ. ನೆಗಡಿಯ ನಳಿಗೆಯೂ ಹಾಗೆಯೇ. ಒತ್ತಡದ ವ್ಯತ್ಯಾಸ ಒಂದು ಮಟ್ಟ ಮೀರಿದರೆ ಎಷ್ಟು ನುಂಗಿದರೂ ಬಿಡಿಸಿಕೊಳ್ಳುವುದಿಲ್ಲ. ಪುಣೆಯಿಂದ ಬರುವಾಗ ಖಂಡಾಲಾ ಘಾಟಿನಲ್ಲಿ ಕಿವಿ ಗಪ್ಪೆನ್ನುವುದೂ ಇದೇ ಕಾರಣಕ್ಕೆ. ಲೋಣಾವಳದಿಂದ ಕೆಳಗಿಳಿಯುವುದು 600 ಮೀಟರ್‌ನಷ್ಟು, ಅದೂ ನಿಧಾನಕ್ಕೆ. ಅದಕ್ಕೇ ಒಂದೆರಡು ಸಲ ನುಂಗಿದರೆ ಬಿಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಒಮ್ಮೆ ನೆಗಡಿಯಲ್ಲಿ ಬೆಂಗಳೂರಿನಿಂದ ವಿಮಾನ ಹತ್ತಿದ್ದೆ. ಮರುದಿನ ಕ್ಲಿನಿಕ್ ಇತ್ತು, ಬರಲೇಬೇಕಿತ್ತು. ಮೂರು ವಾರ ಬಲಗಿವಿ ಮುಂದೆ ಮಾಡಿ ರೋಗಿಗಳ ಮಾತು ಕೇಳಿದ್ದೇನೆ. ಒಬ್ಬ ಅಜ್ಜಿ, ‘ಡಾಕ್ಟ್ರೇ, ನಿಮ್ದೇ ಕಿವಿ ಸರಿ ಇಲ್ವಲ್ಲ’ ಎಂದು ನಕ್ಕಿದ್ದರು. ಆದ್ದರಿಂದ ವಿಮಾನ ಹತ್ತಿದ್ದಕ್ಕೆ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ಈಗ ನೀವು ಮಾಡಿದ ಚಿಕಿತ್ಸೆಗಳ ಕಥೆ. ನೀರು ತಮಟೆಯ ಹಿಂದೆ, ಡ್ರಾಪ್ಸ್ ತಮಟೆಯ ಮುಂದೆ. ಕಿಟಕಿಯ ಹೊರಗೆ ನಿಂತು ಗಾಜು ಒರೆಸಿದರೆ ಒಳಗಿನ ನೆಲ ಒಣಗುತ್ತದಾ? ಕಿವಿಗೆ ಹಾಕುವ ಆ್ಯಂಟಿಬಯಾಟಿಕ್ ಡ್ರಾಪ್ಸ್ ಹೊರಗಿವಿಯ ಸೋಂಕಿಗೆ ಒಳ್ಳೆಯ ಮದ್ದು, ಇದಕ್ಕಲ್ಲ. ಸುಮ್ನೆ ಹಾಕಿದರೆ ಏನು ನಷ್ಟ ಎನ್ನಬೇಡಿ. ಜೆಂಟಾಮೈಸಿನ್‌ನಂಥ ಕೆಲವು ಔಷಧಿಗಳು ತಮಟೆಯಲ್ಲಿ ತೂತಿದ್ದರೆ ಒಳಗಿವಿಯವರೆಗೆ ಇಳಿದು ಶಾಶ್ವತ ಹಾನಿ ಮಾಡಬಲ್ಲವು. ವಿಮಾನದಲ್ಲಿ ಅಂಥ ನೋವು ಬಂದಾಗ ಕೆಲವರಿಗೆ ತಮಟೆ ಹರಿಯುವುದೂ ಉಂಟು. ನೋಡದೆ ಡ್ರಾಪ್ಸ್ ಹಾಕಬಾರದು ಎನ್ನುವುದು ಅದಕ್ಕೇ.

ಎಣ್ಣೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಜಗಳವಾಗುತ್ತದೆ, ಗೊತ್ತು. ನನ್ನ ಅಮ್ಮನೂ ಬಿಡುತ್ತಿದ್ದರು. ಬಿಸಿ ಎಣ್ಣೆ ಸ್ವಲ್ಪ ಹೊತ್ತು ಹಿತ ಕೊಡುತ್ತದೆ, ಸುಳ್ಳಲ್ಲ. ಆದರೆ ಮುಂಬೈಯ ಗಾಳಿಯಲ್ಲಿ ಎಣ್ಣೆ ಹಾಕಿದ ಕಿವಿ ಎಂದರೆ ಬೂಸ್ಟಿಗೆ ಹಾಸಿಗೆ ಹಾಸಿದ ಹಾಗೆ. ಮಳೆಗಾಲದಲ್ಲಿ ವಾರ್ಡ್‌ರೋಬಿನ ಚಪ್ಪಲಿಗೆ ಬರುವ ಬೂಸ್ಟು ಕಿವಿಗೂ ಬರುತ್ತದೆ. ಒಳಗೆ ನೋಡಿದರೆ ಒದ್ದೆ ನ್ಯೂಸ್‌ಪೇಪರ್ ತುರುಕಿದ ಹಾಗೆ ಕಾಣುತ್ತದೆ, ಮಧ್ಯೆ ಕರಿ ಚುಕ್ಕಿ. ವಿಪರೀತ ತುರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಹತ್ತಿರ ಬರುವ ಕಿವಿಗಳಲ್ಲಿ ಇದರದ್ದೇ ದರಬಾರು. ಲೋಕಲ್‌ನಲ್ಲಿ ಎರಡು ತಾಸು ಇಯರ್‌ಬಡ್ ತುರುಕಿಕೊಂಡು ಹೋಗುವ ಹುಡುಗರೂ ಇದಕ್ಕೆ ಗಿರಾಕಿಗಳೇ. ಬೆಳ್ಳುಳ್ಳಿ ಹಾಕಿದರೆ ಇನ್ನೊಂದು ತೊಂದರೆ, ಚರ್ಮ ಸುಡಬಹುದು.

ಸ್ಟೇಷನ್ ಹೊರಗಿನವನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಟ್ಟೆಪಾಡು. ಆದರೆ ಅವನು ತೋರಿಸುವ ಕಂದು ಉಂಡೆಗಳಲ್ಲಿ ನಿಮ್ಮ ಕಿವಿಯದ್ದು ಎಷ್ಟು ಎಂಬುದು ದೇವರಿಗೇ ಗೊತ್ತು. ಅವನ ಕಡ್ಡಿ ತಾಗಿ ತಮಟೆ ಹರಿದವರನ್ನು ನಾನು ನೋಡಿದ್ದೇನೆ. ಇನ್ನು ಮುಂದೆ ಬೇಡ.

ನಳಿಗೆ ಮುಚ್ಚಲು ಇರುವ ಕಾರಣ ನೆಗಡಿ ಮತ್ತು ವಿಮಾನ ಎರಡೇ ಅಲ್ಲ. ನಮ್ಮಲ್ಲಿ ದೊಡ್ಡ ಕಾರಣ ಅಲರ್ಜಿ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸೀನು, ಮೂಗು ತುರಿಕೆ, ವರ್ಷಕ್ಕೆ ಆರು ಸಲ ‘ನೆಗಡಿ’. ಇದು ನೆಗಡಿಯಲ್ಲ, ಅಲರ್ಜಿ. ಗಾಳಿ ಆಡದ ಫ್ಲ್ಯಾಟು, ಗೋಡೆಯ ತೇವ, ಹಾಸಿಗೆಯ ದೂಳುಹುಳ, ಬೀದಿ ಅಗೆದ ದೂಳು ಎಲ್ಲ ಸೇರಿ ಮೂಗು ಸದಾ ಊದಿಕೊಂಡೇ ಇರುತ್ತದೆ. ಸಿಗರೇಟ್ ಹೊಗೆ ಸೇದುವವರ ನಳಿಗೆಯನ್ನೂ, ಪಕ್ಕದಲ್ಲಿ ಆಡುವ ಮಗುವಿನ ನಳಿಗೆಯನ್ನೂ ಕೆಡಿಸುತ್ತದೆ. ಕೆಲವರಿಗೆ ಹೊಟ್ಟೆಯ ಹುಳಿ ಗಂಟಲಿನವರೆಗೆ ಬಂದು ಅಲ್ಲಿ ಊತ ಎಬ್ಬಿಸುತ್ತದೆ. ಇನ್ನೊಂದಿಷ್ಟು ಜನ ಮೂಗು ಬಿಡಿಸುವ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕುತ್ತಾರೆ. ಐದು ದಿನ ದಾಟಿದ ಮೇಲೆ ಅದೇ ಡ್ರಾಪ್ಸ್ ಮೂಗನ್ನು ಊದಿಸಲು ಶುರು ಮಾಡುತ್ತದೆ, ಬಿಟ್ಟರೆ ಇನ್ನೂ ಕಟ್ಟುತ್ತದೆ. ಪರ್ಸಿನಲ್ಲಿ ಸದಾ ಆ ಬಾಟಲಿ ಇಟ್ಟುಕೊಂಡು ಓಡಾಡುವವರು ನಿಮ್ಮ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ.

ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ತುಂಬಿ ಅದು ಹೋಗದೇ ಇದ್ದರೆ, ನಳಿಗೆಯ ಬಾಯಿಯ ಹತ್ತಿರ ಏನಾದರೂ ಬೆಳೆದು ಅದನ್ನು ಒತ್ತುತ್ತಿದೆಯೇ ಎಂದು ನೋಡಲೇಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಇರಬಹುದು. ನಿಮಗೆ ಅದಿದೆ ಎಂದು ಹೇಳುತ್ತಿಲ್ಲ. ನಿಮ್ಮ ತೊಂದರೆ ಶುರುವಾದ ದಿನ, ಗಂಟೆ, ಕಾರಣ ಎಲ್ಲ ಸ್ಪಷ್ಟವಾಗಿದೆ. ಈ ಕ್ಯಾನ್ಸರ್ ನಮ್ಮ ದೇಶದಲ್ಲಿ ಈಶಾನ್ಯ ರಾಜ್ಯಗಳಲ್ಲಿ ಜಾಸ್ತಿ, ನಮ್ಮ ಕಡೆ ಕಡಿಮೆ. ಆದರೂ ಐದು ವಾರ ಒಂದೇ ಕಿವಿ ಎಂದರೆ ನಾನು ಯಾರನ್ನೇ ಆದರೂ ಮೂಗಿಗೆ ತೆಳು ದುರ್ಬೀನು ಹಾಕಿ ನೋಡದೆ ಕಳಿಸುವುದಿಲ್ಲ. ಎರಡು ನಿಮಿಷದ ಕೆಲಸ. ಸ್ವಲ್ಪ ಕಿರಿಕಿರಿ, ನೋವಿಲ್ಲ. ಕತ್ತಿನಲ್ಲಿ ಗಂಟು ಇದ್ದರೆ, ಮೂಗಿನಿಂದ ಆಗಾಗ ರಕ್ತ ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಕಿವಿ ಕಟ್ಟಿದ್ದೆಲ್ಲ ನೀರೇ ಆಗಬೇಕಿಲ್ಲ ಎನ್ನುವುದೂ ಗೊತ್ತಿರಲಿ. ಗಣಪತಿ ವಿಸರ್ಜನೆಯ ಮರುದಿನ ‘ಕಿವಿ ಬಂದ್ ಆಗಿದೆ, ಗುಂಯ್ ಅನ್ನುತ್ತಿದೆ’ ಎಂದು ಬರುವವರಿಗೆ ನೀರೂ ಇರುವುದಿಲ್ಲ, ಗುಗ್ಗೆಯೂ ಇರುವುದಿಲ್ಲ. ಡಿಜೆ ಸದ್ದಿಗೆ ಒಳಗಿವಿ ಸುಸ್ತಾಗಿರುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ದವಡೆಯ ಕೀಲು ಕೆಟ್ಟು ಕಿವಿ ತುಂಬಿದಂತೆ ಅನಿಸುತ್ತದೆ, ಯಾಕೆಂದರೆ ಆ ಕೀಲು ಕಿವಿಯ ಮುಂದೆಯೇ ಇದೆ. ತಲೆ ಗಿರಗಿರ ತಿರುಗುವುದು, ಗುಂಯ್ ಸದ್ದು, ಕಿವಿ ಕಟ್ಟುವುದು ಮೂರೂ ಬಂದು ಬಂದು ಹೋಗುತ್ತಿದ್ದರೆ ಅದು ಮೆನಿಯರ್ ಕಾಯಿಲೆ ಇರಬಹುದು. ಬಹಳ ಬೇಗ ತೂಕ ಇಳಿಸಿದವರಲ್ಲಿ ನಳಿಗೆ ಮುಚ್ಚದೇ ತೆರೆದೇ ಉಳಿಯುವುದೂ ಉಂಟು. ಅವರಿಗೆ ತಮ್ಮ ಉಸಿರಾಟವೇ ಕಿವಿಯಲ್ಲಿ ಕೇಳಿಸುತ್ತದೆ.

ಇವೆಲ್ಲ ಕಾಯಬಹುದಾದವು. ಕಾಯಲೇಬಾರದ್ದು ಒಂದಿದೆ. ವಿಮಾನವಿಲ್ಲ, ನೆಗಡಿಯಿಲ್ಲ, ಬೆಳಿಗ್ಗೆ ಎದ್ದಾಗ ಒಂದು ಕಿವಿ ಕಟ್ಟಿದೆ, ಫೋನ್ ಆ ಕಿವಿಗೆ ಹಿಡಿದರೆ ಮಾತು ಅರ್ಥವಾಗುವುದಿಲ್ಲ. ಜನ ನೀರು ಹೋಗಿದೆ, ಗುಗ್ಗೆ ಇದೆ ಎಂದು ಎರಡು ವಾರ ಎಣ್ಣೆ ಬಿಡುತ್ತಾ ಕೂರುತ್ತಾರೆ. ಅದು ಕಿವಿಯ ನರದ ಕಡೆಯ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಔಷಧಿ ಕೆಲಸ ಮಾಡುವುದು ಮೊದಲ ದಿನಗಳಲ್ಲಿ. ಎರಡು ವಾರ ದಾಟಿದರೆ ಅವಕಾಶ ಬಹಳ ಕಡಿಮೆಯಾಗುತ್ತದೆ. ಬ್ಯಾಂಡು ಬಜಾಯಿಸುವ ಹುಡುಗನೊಬ್ಬ ಒಂದು ತಿಂಗಳು ಡ್ರಾಪ್ಸ್ ಹಾಕಿಕೊಂಡು ಆಮೇಲೆ ನನ್ನ ಹತ್ತಿರ ಬಂದಿದ್ದ. ಆ ಕಿವಿ ಮರಳಿ ಬರಲಿಲ್ಲ.

ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಬಾಯಿ ಮುಚ್ಚಿ ‘ಹೂಂ’ ಎಂದು ಎಳೆಯಿರಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಗುಗ್ಗೆಯೋ ನೀರೋ ಇರಬೇಕು. ಒಳ್ಳೆಯ ಕಿವಿಯ ಕಡೆಗೆ ಹೋದರೆ ನರದ ತೊಂದರೆ ಇರಬಹುದು, ಅವತ್ತೇ ಡಾಕ್ಟರನ್ನು ಕಾಣಿ. ನಾವು ಟ್ಯೂನಿಂಗ್ ಫೋರ್ಕನ್ನು ಹಣೆಗೆ ಇಟ್ಟು ನೋಡುವುದೂ ಇದನ್ನೇ. ಇದು ಅಂದಾಜು ಮಾತ್ರ, ತೀರ್ಪಲ್ಲ. ನಿಮ್ಮ ಸ್ವರ ಆ ಕಿವಿಯಲ್ಲೇ ಮೊಳಗುತ್ತಿದೆ ಎಂದರೆ ನೀರಿನ ಪಕ್ಷಕ್ಕೆ ಒಂದು ಮತ ಬಿತ್ತು ಎನ್ನೋಣ.

ಕ್ಲಿನಿಕ್‌ನಲ್ಲಿ ಏನು ನಡೆಯುತ್ತದೆ? ಗುಗ್ಗೆಯೋ ಎಣ್ಣೆಯೋ ಇದ್ದರೆ ತೆಗೆದು ತಮಟೆ ನೋಡುತ್ತಾರೆ. ಹಿಂದೆ ನೀರಿದ್ದರೆ ತಮಟೆ ಮಂಕಾಗಿ, ಹಳದಿ ಛಾಯೆಯಲ್ಲಿ ಕಾಣುತ್ತದೆ. ಗಾಳಿ-ನೀರು ಎರಡೂ ಇದ್ದರೆ ಗುಳ್ಳೆಗಳೇ ಕಾಣಬಹುದು. ಆಮೇಲೆ ಟಿಂಪನೊಮೆಟ್ರಿ. ಮೆತ್ತನೆಯ ರಬ್ಬರ್ ತುದಿಯನ್ನು ಕಿವಿಗೆ ಇಟ್ಟು ಗಾಳಿಯ ಒತ್ತಡ ಬದಲಿಸುತ್ತಾ ತಮಟೆ ಎಷ್ಟು ಅಲುಗುತ್ತದೆ ಎಂದು ಮಶೀನ್ ಗೆರೆ ಎಳೆಯುತ್ತದೆ. ಗೆರೆ ಮಧ್ಯದಲ್ಲಿ ಗುಡ್ಡದ ಹಾಗಿದ್ದರೆ ಸರಿ, ಅದನ್ನು ‘ಎ’ ಎನ್ನುತ್ತೇವೆ. ಗುಡ್ಡ ಎಡಕ್ಕೆ ಸರಿದಿದ್ದರೆ ‘ಸಿ’, ಒಳಗೆ ಒತ್ತಡ ಕಡಿಮೆ. ಗುಡ್ಡವೇ ಇಲ್ಲದೆ ಮಟ್ಟಸವಾಗಿದ್ದರೆ ‘ಬಿ’, ಹೆಚ್ಚಾಗಿ ನೀರು. ನಿಮ್ಮ ರಿಪೋರ್ಟ್ ನೀವೇ ಓದಬಹುದು. ಜೊತೆಗೆ ಕೇಳುವ ಪರೀಕ್ಷೆ, ಆಡಿಯೊಗ್ರಾಮ್. ಖರ್ಚಿನ ಚಿಂತೆ ಇದ್ದರೆ ಸಯನ್, ಕೆಇಎಂ, ನಾಯರ್‌ನಂಥ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗವಿದೆ. ಬಾಂದ್ರಾದಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ಸಂಸ್ಥೆ ಕಿವಿ ಮತ್ತು ಮಾತಿಗಾಗಿಯೇ ಇದೆ. ನಮ್ಮ ಮೈಸೂರಿನ ಆಯಿಷ್ ಇದ್ದ ಹಾಗೆ.

ನೀರೇ ಎಂದು ಖಚಿತವಾದರೆ, ಮೂಗಿನ ಹಿಂದೆಯೂ ಏನಿಲ್ಲ ಎಂದಾದರೆ, ನನ್ನ ಮೊದಲ ಸಲಹೆ ಕಾಯುವುದು. ಒಟ್ಟು ಮೂರು ತಿಂಗಳವರೆಗೆ ಕಾಯಬಹುದು. ಸುಮ್ನೆ ಕೂರಲು ಮನಸ್ಸು ಬಾರದಿದ್ದರೆ ಗಾಳಿ ತುಂಬುವ ವ್ಯಾಯಾಮ ಮಾಡಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೂಗು ಸೀಟುವ ಹಾಗೆ ಮೆಲ್ಲಗೆ ಒತ್ತುವುದು ಒಂದು ವಿಧಾನ. ವಾಲ್ಸಾಲ್ವಾ ಎನ್ನುತ್ತಾರೆ. ಮೆಲ್ಲಗೆ ಎಂಬ ಮಾತು ಮುಖ್ಯ. ಮುಖ ಕೆಂಪಾಗುವಷ್ಟು ಒತ್ತಿ ಒಳಗಿವಿಯ ಪೊರೆಗೇ ಪೆಟ್ಟು ಮಾಡಿಕೊಂಡವರಿದ್ದಾರೆ. ಮೂಗಿನಲ್ಲಿ ಹಳದಿ ಸಿಂಬಳ ಇರುವಾಗ ಮಾಡಲೇಬೇಡಿ, ಅದನ್ನೇ ಕಿವಿಗೆ ತಳ್ಳಿದ ಹಾಗಾಗುತ್ತದೆ. ನನಗೆ ಇಷ್ಟವಾದದ್ದು ಮೂಗು ಹಿಡಿದು ಒಂದು ಗುಟುಕು ನೀರು ನುಂಗುವುದು. ಲಂಡನ್ನಿನ ಜೋಸೆಫ್ ಟಾಯ್ನ್‌ಬಿ ಎಂಬ ಕಿವಿ ವೈದ್ಯರ ಹೆಸರಿನ ವಿಧಾನ ಅದು. ಪಾಪ, ಆತ 1866ರಲ್ಲಿ ಕಿವಿಯ ಗುಂಯ್ ಸದ್ದಿಗೆ ಮದ್ದು ಹುಡುಕುತ್ತಾ ಕ್ಲೋರೊಫಾರ್ಮ್ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಲು ಹೋಗಿ ಸತ್ತುಹೋದರು.

ಅಲರ್ಜಿ ಇದ್ದರೆ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಉಪಯೋಗಕ್ಕೆ ಬರುತ್ತದೆ. ಅದು ಕೆಲಸ ತೋರಿಸಲು ಒಂದೆರಡು ವಾರ ಬೇಕು. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಬೇಡಿ, ಮೈಗೆ ಸೇರುವುದು ಬಹಳ ಕಡಿಮೆ. ಮೂಗು ಒಣಗಿ ಸ್ವಲ್ಪ ರಕ್ತ ಕಾಣಿಸಬಹುದು, ಆದ್ದರಿಂದ ನಡುಗೋಡೆಯ ಕಡೆಗಲ್ಲ, ಹೊರಗಿನ ಗೋಡೆಯ ಕಡೆಗೆ ತಿರುಗಿಸಿ ಹೊಡೆಯಿರಿ. ಅಲರ್ಜಿ ಇಲ್ಲದಿದ್ದರೆ ಇದರಿಂದ ದೊಡ್ಡ ಲಾಭವಿಲ್ಲ. ಆ್ಯಂಟಿಬಯಾಟಿಕ್ ಮಾತ್ರೆ ಬೇಡ. ಇದು ಕೀವಲ್ಲ, ನೀರು. ನೆಗಡಿ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೂ ಆ ನೀರು ಬೇಗ ಇಳಿಯುವುದಿಲ್ಲ, ಆಫೀಸಿನಲ್ಲಿ ನಿದ್ದೆ ಬರುತ್ತದೆ ಅಷ್ಟೇ. ಹಬೆ ತೆಗೆದುಕೊಂಡರೆ ಮೂಗಿಗೆ ಹಿತ, ನಳಿಗೆಯವರೆಗೆ ಅದು ತಲುಪುವುದಿಲ್ಲ. ಮಗನಿಗಂತೂ ಹಬೆ ಬೇಡ. ಕುದಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳನ್ನು ನಾವು ಪ್ರತಿ ಮಳೆಗಾಲ ಕಾಣುತ್ತೇವೆ.

ಮೂರು ತಿಂಗಳಾದರೂ ಇಳಿಯದಿದ್ದರೆ, ಅಥವಾ ಕೆಲಸಕ್ಕೆ ತೀರಾ ತೊಂದರೆಯಾದರೆ, ತಮಟೆಯಲ್ಲಿ ಸಣ್ಣ ಗೀರು ಹಾಕಿ ನೀರು ಹೀರಿ ಗ್ರೊಮೆಟ್ ಇಡಬಹುದು. ದೊಡ್ಡವರಿಗೆ ಅಲ್ಲಿಗಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಬರಬಹುದು. ನಳಿಗೆಯೊಳಗೆ ಪುಟ್ಟ ಬಲೂನು ಊದಿಸಿ ಅಗಲ ಮಾಡುವ ಹೊಸ ವಿಧಾನವೂ ಬಂದಿದೆ. ಅಮೆರಿಕದಲ್ಲಿ 2016ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, ಇಲ್ಲಿಯೂ ಕೆಲವೆಡೆ ಮಾಡುತ್ತಾರೆ. ಅದು ವರ್ಷಗಳಿಂದ ನಳಿಗೆ ಕೆಟ್ಟವರಿಗೆ. ಐದು ವಾರದ ಕಿವಿಗೆ ಯಾರಾದರೂ ಅದನ್ನು ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಈಗ ಮಗನ ವಿಷಯ. ನಿಜ ಹೇಳಬೇಕೆಂದರೆ ನಿಮಗಿಂತ ಅವನ ಬಗ್ಗೆ ನನಗೆ ಜಾಸ್ತಿ ಕಾಳಜಿ. ನಿಮ್ಮಿಂದ ಅಂಟಿದ್ದಲ್ಲ. ನೆಗಡಿ ಅಂಟುತ್ತದೆ, ಕಿವಿಯ ನೀರು ಅಂಟುವುದಿಲ್ಲ. ಮಕ್ಕಳ ನಳಿಗೆ ಹುಟ್ಟುವಾಗ ದೊಡ್ಡವರದರ ಅರ್ಧದಷ್ಟು ಉದ್ದ, ಹೆಚ್ಚುಕಡಿಮೆ ಮಲಗಿದ ಹಾಗೆ ಇರುತ್ತದೆ. ನಮ್ಮದು ಸುಮಾರು 45 ಡಿಗ್ರಿ ಓರೆ, ಶಿಶುವಿನದು 10 ಡಿಗ್ರಿ. ಏಳು ವರ್ಷದ ಹೊತ್ತಿಗೆ ದೊಡ್ಡವರ ಅಳತೆಗೆ ಬರುತ್ತದೆ. ಇದಲ್ಲದೆ ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮಾಂಸದ ಗಡ್ಡೆ ಈ ವಯಸ್ಸಿನಲ್ಲೇ ದೊಡ್ಡದಾಗಿರುತ್ತದೆ. ಬಾಯಿ ತೆರೆದು ಮಲಗುತ್ತಾನಾ? ಗೊರಕೆ ಹೊಡೆಯುತ್ತಾನಾ? ಹಾಗಿದ್ದರೆ ಅದರ ಮೇಲೆ ಅನುಮಾನ. ಶಾಲೆ ಸೇರುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಒಮ್ಮೆಯಾದರೂ ಕಿವಿಯಲ್ಲಿ ನೀರು ಬಂದುಹೋಗಿರುತ್ತದೆ. ನೋವಿರುವುದಿಲ್ಲ, ಮಗು ಹೇಳುವುದೂ ಇಲ್ಲ.

ತೊಂದರೆ ಏನೆಂದರೆ, ಇದರಲ್ಲಿ ಕೇಳುವುದು 20ರಿಂದ 30 ಡೆಸಿಬಲ್‌ನಷ್ಟು ಕಡಿಮೆಯಾಗಬಹುದು. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕ್ಲಾಸಿನಲ್ಲಿ ಕುಳಿತ ಹಾಗೆ. ಟೀಚರ್‌ಗೆ ಅವನು ಹಟಮಾರಿಯ ಹಾಗೆ ಕಾಣುತ್ತಾನೆ. ನಮ್ಮ ಮುಂಬೈ ಮಕ್ಕಳ ಪಾಡು ನೋಡಿ. ಮನೆಯಲ್ಲಿ ತುಳುವೋ ಕನ್ನಡವೋ, ಕೆಳಗೆ ಆಡುವಾಗ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆಯ ‘ತ’ ಮತ್ತು ‘ಟ’, ‘ಸ’ ಮತ್ತು ‘ಶ’ ಬೇರೆ ಮಾಡಿ ಕೇಳಬೇಕಾದ ಕಿವಿಗಳು ಅವು. ಮಾತು ತೊದಲಿದರೆ ‘ಭಾಷೆ ಜಾಸ್ತಿಯಾಯಿತು, ಮನೆಯಲ್ಲಿ ಇಂಗ್ಲಿಷೇ ಮಾತಾಡಿ’ ಎಂದು ಯಾರಾದರೂ ಹೇಳಿಯಾರು. ಭಾಷೆಯದ್ದು ತಪ್ಪಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಅವನಿಗೂ ಕೇಳುವ ಪರೀಕ್ಷೆ ಮತ್ತು ಟಿಂಪನೊಮೆಟ್ರಿ ಆಗಿದೆಯೇ ಕೇಳಿ. ಮೂರು ತಿಂಗಳ ನಂತರ ಮತ್ತೆ ಮಾಡಿಸಿ. ಆಗಲೂ ಎರಡೂ ಕಿವಿಯಲ್ಲಿ ನೀರಿದ್ದು ಕೇಳುವುದು ಕಡಿಮೆಯಿದ್ದರೆ ಗ್ರೊಮೆಟ್ ಒಳ್ಳೆಯ ಆಯ್ಕೆ. 1954ರಲ್ಲಿ ಅಮೆರಿಕದ ವೈದ್ಯ ಆರ್ಮ್‌ಸ್ಟ್ರಾಂಗ್ ಇದನ್ನು ಬಳಕೆಗೆ ತಂದದ್ದು, ಅಂದರೆ ಹೊಸ ಪ್ರಯೋಗವೇನಲ್ಲ. ಮುಚ್ಚಿದ ನಳಿಗೆಯ ಕೆಲಸವನ್ನು ತಮಟೆಯಲ್ಲಿಟ್ಟ ಈ ಪುಟ್ಟ ಕೊಳವೆ ಮಾಡುತ್ತದೆ. ಮಕ್ಕಳಿಗೆ ಪೂರ್ತಿ ಅನಸ್ತೇಸಿಯಾ ಬೇಕು. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ತಾನೇ ಕಳಚಿ ಬೀಳುತ್ತದೆ. ಅದಿರುವಾಗ ಕೆಲವರಿಗೆ ಕಿವಿ ಸೋರಬಹುದು. ನೂರರಲ್ಲಿ ಒಬ್ಬಿಬ್ಬರಿಗೆ ಬಿದ್ದ ಮೇಲೂ ತೂತು ಉಳಿಯುತ್ತದೆ. ಕೆಲವು ಮಕ್ಕಳಿಗೆ ಮತ್ತೆ ಹಾಕಬೇಕಾಗುತ್ತದೆ. ಅಡಿನಾಯ್ಡ್ ದೊಡ್ಡದಿದ್ದರೆ ಅದನ್ನೂ ಜೊತೆಗೇ ತೆಗೆಯುವ ಮಾತು ಬರಬಹುದು. ಅಲ್ಲಿಯವರೆಗೆ ಮೊದಲ ಬೆಂಚಿನಲ್ಲಿ ಕೂರಿಸಲು ಟೀಚರ್‌ಗೆ ಹೇಳಿ. ಅಡುಗೆಮನೆಯಿಂದ ಕೂಗಬೇಡಿ, ಮುಖ ನೋಡಿ ಮಾತಾಡಿ. ಮೂಗಿನ ಒಂದು ಹೊಳ್ಳೆಯಿಂದ ಊದುವ ವಿಶೇಷ ಬಲೂನು ಸಿಗುತ್ತದೆ. ಐದು ವರ್ಷದವನು ಆಟದ ಹಾಗೆ ದಿನಕ್ಕೆ ಮೂರು ಸಲ ಊದಿದರೆ ಸ್ವಲ್ಪ ಪ್ರಯೋಜನವಿದೆ, ಅಪಾಯವಿಲ್ಲ.

ಡಿಸೆಂಬರಿನ ವಿಮಾನದ ನಿರ್ಧಾರವನ್ನು ಹೊರಡುವ ಹಿಂದಿನ ವಾರಕ್ಕೆ ಬಿಡಿ. ಅಷ್ಟರಲ್ಲಿ ಟಿಂಪನೊಮೆಟ್ರಿಯ ಗೆರೆ ಮತ್ತೆ ಗುಡ್ಡವಾಗಿದ್ದರೆ ಆರಾಮಾಗಿ ಹೋಗಿ. ಒಂದು ವಿಚಿತ್ರ ಸಂಗತಿ ಕೇಳಿ. ಕಿವಿ ಪೂರ್ತಿ ನೀರಿನಿಂದ ತುಂಬಿದ್ದರೆ ವಿಮಾನದಲ್ಲಿ ನೋವು ಕಡಿಮೆ, ಯಾಕೆಂದರೆ ಹಿಗ್ಗಲು ಕುಗ್ಗಲು ಅಲ್ಲಿ ಗಾಳಿಯೇ ಇಲ್ಲ. ಗ್ರೊಮೆಟ್ ಇದ್ದವರಿಗೂ ನೋವಿಲ್ಲ, ಗಾಳಿಗೆ ದಾರಿ ಇದೆ. ಕಷ್ಟವಾಗುವುದು ಅರ್ಧ ನೀರು ಅರ್ಧ ಗಾಳಿ ಇರುವವರಿಗೆ. ಈಗ ನೀವು ಇರುವುದು ಬಹುಶಃ ಅಲ್ಲೇ. ಹೋಗಲೇಬೇಕಾದರೆ ಮೂಗು ಬಿಡಿಸುವ ಡ್ರಾಪ್ಸ್ ವಿಮಾನ ಇಳಿಯಲು ಶುರುಮಾಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಹಾಕಬೇಕು. ಮಂಗಳೂರು ದಾರಿ ಒಂದೂವರೆ ತಾಸಿನಷ್ಟೇ ಆದ್ದರಿಂದ ಸೀಟಿನಲ್ಲಿ ಕುಳಿತ ಕೂಡಲೇ ಹಾಕಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಬಿಪಿ ಇದ್ದರೆ ಡಾಕ್ಟರನ್ನು ಕೇಳದೆ ಹಾಕಬೇಡಿ. ಇಳಿಯುವಾಗ ನಿದ್ದೆ ಮಾಡಬೇಡಿ, ಮಗನನ್ನೂ ಎಬ್ಬಿಸಿ ಗುಟುಕು ಗುಟುಕು ನೀರು ಕೊಡಿ. ಕಿವಿ ಕಟ್ಟಿದ ಮೇಲೆ ಬಿಡಿಸಲು ಹೋಗುವುದಲ್ಲ, ಇಳಿಯಲು ಶುರುವಾದಾಗಿಂದಲೇ ನುಂಗುತ್ತಿರಬೇಕು. ಅವತ್ತು ಮತ್ತೆ ನೆಗಡಿಯಿದ್ದರೆ ಮತ್ಸ್ಯಗಂಧ ರೈಲು ಹಿಡಿಯಿರಿ. ರತ್ನಾಗಿರಿ ಹತ್ತಿರದ 6.5 ಕಿಲೋಮೀಟರಿನ ಕರಬುಡೆ ಸುರಂಗದಲ್ಲಿ ಕಿವಿ ಒಂದು ಕ್ಷಣ ಗಪ್ಪೆನ್ನಬಹುದು, ಅಷ್ಟೇ.

ಈ ವಾರ ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ. ಇಬ್ಬರ ಆಡಿಯೊಗ್ರಾಮ್, ಟಿಂಪನೊಮೆಟ್ರಿ ಕಾಗದಗಳನ್ನು ಕೇಳಿ ತೆಗೆದುಕೊಳ್ಳಿ, ಮೊಬೈಲಿನಲ್ಲಿ ಫೋಟೊ ಹೊಡೆದಿಡಿ. ಮೂರು ತಿಂಗಳ ನಂತರ ಹೋಲಿಸಲು ಅವೇ ಬೇಕು. ಅದಕ್ಕೆ ಮೊದಲೇ ಕಿವಿಯಿಂದ ರಕ್ತವೋ ಕೀವೋ ಬಂದರೆ, ತಲೆ ತಿರುಗಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಅಥವಾ ಕೇಳುವುದು ಇದ್ದಕ್ಕಿದ್ದಂತೆ ಇನ್ನೂ ಕಡಿಮೆಯಾದರೆ ಆ ದಿನವೇ ಹೋಗಿ. ಅತ್ತೆಯವರ ಎಣ್ಣೆಯನ್ನು ತಲೆಗೆ ಹಚ್ಚಿಸಿಕೊಳ್ಳಿ, ಅವರಿಗೂ ಬೇಜಾರಾಗುವುದಿಲ್ಲ.